ಮಂಡಿಯ ಮಾತು ಗೂಗಲ್‌ನಲ್ಲಿ ಸಿಗಬೇಕಾದರೆ: ಅಡಿಕೆ ವೆಬ್‌ಸೈಟಿಗೊಂದು ಪದಕೋಶ ಕಟ್ಟುವ ಕ್ರಮ

ಗೂಗಲ್‌ನಲ್ಲಿ ‘ರಾಶಿ’ ಎಂದಷ್ಟೇ ಬರೆದು ನೋಡಿ. ಮೇಷ, ವೃಷಭ, ಇಂದಿನ ಭವಿಷ್ಯ ಬರುತ್ತದೆ. ‘ಕೊನೆ’ ಎಂದರೆ ಮುಗಿಯುವುದು, ‘ಹಾಳೆ’ ಎಂದರೆ ಕಾಗದ, ‘ಸರಕು’ ಎಂದರೆ ಲಾರಿಗೆ ಹೇರುವ ಸಾಮಾನು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ತೋಟದವರಿಗೆ ಈ ನಾಲ್ಕೂ ಅಡಿಕೆಯ ಮಾತುಗಳು: ರಾಶಿ, ಸರಕು ಅಡಿಕೆಯ ದರ್ಜೆಗಳು, ಕೊನೆ ಎಂದರೆ ಅಡಿಕೆಯ ಗೊನೆ, ಹಾಳೆ ಎಂದರೆ ಸೋಗೆಯ ಬುಡದ ಅಗಲ ಭಾಗ. ಅಡಿಕೆ ವ್ಯವಹಾರದ ಬಹುಪಾಲು ಪದಗಳು ಹೀಗೆ ದಿನಬಳಕೆಯ ಕನ್ನಡದೊಳಗೇ ಇನ್ನೊಂದು ಅರ್ಥ ಇಟ್ಟುಕೊಂಡು ಕೂತಿವೆ. ಆದ್ದರಿಂದ ಇಂಗ್ಲಿಷ್ ವೆಬ್‌ಸೈಟಿನ ಪದಕೋಶವನ್ನು ನೋಡಿ ಅದರಂತೆಯೇ ಮಾಡಿದರೆ ಕೆಲಸ ಆಗುವುದಿಲ್ಲ. ಪದದ ಜೊತೆಗೆ ಅದರ ಸಂದರ್ಭವನ್ನೂ ಪುಟದ ಹೆಸರಿನಲ್ಲೇ ಕಟ್ಟಿಕೊಡಬೇಕು. ಮುಂದೆ ಹೇಳುವ ಎಲ್ಲದರ ಬುಡ ಇದೇ.

ಅಡಿಕೆ ಮಂಡಿ, ಸಹಕಾರ ಸಂಘ, ಸುಲಿಯುವ ಯಂತ್ರ ಮಾರುವವರು, ಹಾಳೆತಟ್ಟೆ ಘಟಕ, ರೈತ ಉತ್ಪಾದಕ ಕಂಪನಿ, ಇವರಲ್ಲಿ ಯಾರ ವೆಬ್‌ಸೈಟ್ ಆದರೂ ಈ ಕ್ರಮ ಹೊಂದುತ್ತದೆ. ಕಾಳುಮೆಣಸು, ಏಲಕ್ಕಿ, ಕಾಫಿಯವರು ಪದ ಬದಲಿಸಿಕೊಂಡರೆ ಸಾಕು.

ಮೊದಲು ಪದ ಎಲ್ಲಿಂದ ತರುವುದು

ನಿಘಂಟಿನಿಂದ ಶುರು ಮಾಡಬೇಡಿ. ಕೈಗೆ ಸಿಗುವ ಕಾಗದಗಳಿಂದ ಶುರು ಮಾಡಿ: ದರಪಟ್ಟಿ, ಮಂಡಿಯ ಲೆಕ್ಕಚೀಟಿ, ಎಪಿಎಂಸಿ ಟೆಂಡರಿನ ಹಾಳೆ, ಔಷಧಿ ಅಂಗಡಿಯ ಬಿಲ್ಲು, ಯಂತ್ರದ ಕೈಪಿಡಿ. ದರಪಟ್ಟಿ ಒಂದರಲ್ಲೇ ಸರಕು, ಬೆಟ್ಟೆ, ರಾಶಿ, ಗೊರಬಲು (ಇವು ನಾಲ್ಕೂ ದರ್ಜೆಗಳು), ಆವಕ (ಮಾರುಕಟ್ಟೆಗೆ ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ದರ ಎಂದು ಎಂಟು ಪದ ಸಿಗುತ್ತವೆ. ಇವುಗಳಲ್ಲಿ ‘ಮಾದರಿ ದರ’ ಒಳ್ಳೆಯ ಪುಟಕ್ಕೆ ಯೋಗ್ಯವಾದದ್ದು. ಹೆಚ್ಚಿನವರು ಅದನ್ನು ಸರಾಸರಿ ಎಂದುಕೊಳ್ಳುತ್ತಾರೆ. ಅದು ಸರಾಸರಿಯಲ್ಲ, ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟವಾಯಿತೋ ಆ ದರ. ಕನಿಷ್ಠವನ್ನೂ ಗರಿಷ್ಠವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಅದು ಬರುವುದಿಲ್ಲ.

ಎರಡನೆಯ ಮೂಲ ಜನರ ಬಾಯಿ. ಕಚೇರಿಗೆ ಬರುವ ಫೋನು, ವಾಟ್ಸ್‌ಆ್ಯಪ್ ಪ್ರಶ್ನೆಗಳನ್ನು ಎರಡು ವಾರ ಹೇಳಿದ ಮಾತಿನಲ್ಲೇ ಬರೆದಿಡಿ. ತಿದ್ದಬೇಡಿ. ‘ಅಡಿಕೆಗೆ ಎರಡನೇ ಔಷಧಿ ಯಾವಾಗ ಹೊಡಿಬೇಕು’ ಎಂದು ಕೇಳಿದರೆ ಹಾಗೆಯೇ ಬರೆಯಿರಿ. ಅದನ್ನು ‘ದ್ವಿತೀಯ ಸಿಂಪಡಣೆಯ ಅವಧಿ’ ಎಂದು ಬದಲಿಸಿದ ಕ್ಷಣ ಜನ ಹುಡುಕುವ ಮಾತು ಕೈತಪ್ಪುತ್ತದೆ.

ಮೂರನೆಯದು ಗೂಗಲ್. ಹುಡುಕುವ ಪೆಟ್ಟಿಗೆಯಲ್ಲಿ ‘ಅಡಿಕೆ’ ಎಂದು ಬರೆದು ಒಂದು ಜಾಗ ಬಿಟ್ಟು ಅ, ಆ, ಇ, ಕ, ಗ, ಚ ಹೀಗೆ ಒಂದೊಂದೇ ಅಕ್ಷರ ಹಾಕಿ, ಕೆಳಗೆ ಬರುವ ಸಲಹೆಗಳನ್ನು ನಕಲು ಮಾಡಿಕೊಳ್ಳಿ. ಇದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಮಾಡಿ. ವೆಬ್‌ಸೈಟ್ ಈಗಾಗಲೇ ಇದ್ದರೆ ಸರ್ಚ್ ಕನ್ಸೋಲ್ ತೆರೆಯಿರಿ. ಜನ ಏನು ಹುಡುಕಿ ನಿಮ್ಮ ಪುಟ ಕಂಡರು ಎಂದು ಗೂಗಲ್ ತೋರಿಸುವ ಉಚಿತ ಸಾಧನ ಅದು. ಅಲ್ಲಿ 16 ತಿಂಗಳ ದತ್ತಾಂಶ ಸಿಗುತ್ತದೆ, ಅಂದರೆ ಒಂದು ಪೂರ್ತಿ ಕೊಯ್ಲು, ಒಂದು ಪೂರ್ತಿ ಮಳೆಗಾಲ ಕೈಯಲ್ಲಿರುತ್ತದೆ. ಪ್ರಶ್ನೆಗಳ ಫಿಲ್ಟರಿನಲ್ಲಿ ರೆಜೆಕ್ಸ್ (ಹಲವು ಪದ ಒಟ್ಟಿಗೆ ಹುಡುಕುವ ಸೂತ್ರ) ಆಯ್ದು ‘ಎಂದರೆ’, ‘ಅಂದ್ರೆ’, ‘ಅಂದರೆ’, ‘ಅರ್ಥ’, ‘ಹೇಗೆ’ ಇವುಗಳ ನಡುವೆ ನಿಂತ ಗೆರೆ (|) ಹಾಕಿ ಒಟ್ಟಿಗೆ ಹುಡುಕಿ. ಇವುಗಳ ಇಂಗ್ಲಿಷ್ ಅಕ್ಷರದ ರೂಪಗಳನ್ನೂ ಸೇರಿಸಿ. ಆ ಪಟ್ಟಿ 1000 ಸಾಲಿಗೆ ನಿಲ್ಲುತ್ತದೆ. ಆದ್ದರಿಂದ ತಿಂಗಳು ತಿಂಗಳಾಗಿ ಬೇರೆ ಬೇರೆ ಇಳಿಸಿಕೊಂಡು ಸೇರಿಸಿಕೊಳ್ಳಿ. ತೀರಾ ವಿರಳವಾಗಿ ಹುಡುಕಿದ ಪ್ರಶ್ನೆಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದೇ ಇಲ್ಲ. ಫೋನಿನಲ್ಲಿ ಕೇಳಿದ್ದನ್ನು ಬರೆದಿಡಿ ಎಂದದ್ದು ಇದಕ್ಕೇ.

ಸಿಕ್ಕಿದ್ದನ್ನೆಲ್ಲ ಒಂದು ಶೀಟಿಗೆ ಹಾಕಿ. ಕಾಲಂಗಳು ಎಂಟಿದ್ದರೆ ಸಾಕು: ಪದ, ಕನ್ನಡದಲ್ಲಿ ಅದರ ಬೇರೆ ರೂಪಗಳು, ಇಂಗ್ಲಿಷ್ ಅಕ್ಷರದ ರೂಪಗಳು, ಯಾವ ಸೀಮೆಯ ಅಥವಾ ಮಾರುಕಟ್ಟೆಯ ಮಾತು, ಜನ ಕೇಳುವ ಪ್ರಶ್ನೆ, ಸ್ವಂತ ಪುಟವೋ ಪಟ್ಟಿಯಲ್ಲೊಂದು ಸಾಲೋ, ಓದಿ ಸರಿ ಎಂದವರು ಯಾರು, ತಿದ್ದಿದ ದಿನ. ‘ಯಾವ ಸೀಮೆಯ ಮಾತು’ ಎಂಬ ಕಾಲಂ ಖಾಲಿ ಬಿಡಬೇಡಿ. ಶಿವಮೊಗ್ಗದ ಪಟ್ಟಿಯಲ್ಲಿ ಸರಕು, ಗೊರಬಲು ಇದ್ದರೆ, ಶಿರಸಿಯ ಪಟ್ಟಿಯಲ್ಲಿ ಬಿಳೆಗೋಟು, ಕೆಂಪುಗೋಟು, ತಟ್ಟಿಬೆಟ್ಟೆ, ಚಾಲಿ ಎಂಬ ದರ್ಜೆಗಳಿರುತ್ತವೆ. ಸಾಗರದವರಿಗೆ ಎರಡು ಕಡೆಯದೂ ಗೊತ್ತು, ಭದ್ರಾವತಿಯವರಿಗೆ ‘ಕೋಕಾ’ ಎಂಬ ದರ್ಜೆ ಎಂದರೆ ಗೊತ್ತಾಗದೇ ಇರಬಹುದು.

ಎಷ್ಟು ಪದ, ಎಷ್ಟು ಪುಟ

ಪದಕೋಶಗಳು ಸೋಲುವುದು ಹೆಚ್ಚಾಗಿ ಇಲ್ಲಿ. 300 ಪದ ಕೂಡಿಸಿ, ಪ್ರತಿಯೊಂದಕ್ಕೂ ಒಂದು ಪುಟ ಮಾಡಿ, ಒಂದೊಂದರಲ್ಲೂ ಎರಡು ಸಾಲು ಬರೆದು ಬಿಡುತ್ತಾರೆ. ಮೂರು ತಿಂಗಳ ನಂತರ ಸರ್ಚ್ ಕನ್ಸೋಲ್‌ನಲ್ಲಿ ನೋಡಿದರೆ ಬಹುತೇಕ ಪುಟಗಳು ‘ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ’ ಎಂಬ ಸಾಲಿನಡಿ ಬಿದ್ದಿರುತ್ತವೆ. ಅಂದರೆ ಗೂಗಲ್ ಪುಟ ನೋಡಿದೆ, ಹುಡುಕಾಟಕ್ಕೆ ಸೇರಿಸಿಕೊಂಡಿಲ್ಲ. ಗೂಗಲ್ ಪುಟಕ್ಕೆ ಇಂತಿಷ್ಟೇ ಪದ ಇರಬೇಕೆಂದು ಎಲ್ಲೂ ಹೇಳಿಲ್ಲ, ನಿಜ. ಆದರೆ ಎರಡು ಸಾಲಿನ ಪುಟ ಓದುಗನಿಗೆ ಬೇರೆಲ್ಲೂ ಸಿಗದ್ದನ್ನು ಏನೂ ಕೊಡುವುದಿಲ್ಲ. ಯಂತ್ರದಿಂದ ನೂರಾರು ಪುಟ ಬರೆಸಿ ತುಂಬುವುದಂತೂ ಬೇಡವೇ ಬೇಡ. ಹುಡುಕಾಟದಲ್ಲಿ ಮೇಲೆ ಬರುವುದಕ್ಕೆಂದೇ ರಾಶಿ ರಾಶಿ ಪುಟ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪಷ್ಟವಾಗಿ ಸ್ಪ್ಯಾಮ್ ನೀತಿಯಡಿ ತಂದಿದೆ. ಅದರ ಪೆಟ್ಟು ಆ ಪುಟಗಳಿಗಷ್ಟೇ ಅಲ್ಲ, ನಿಮ್ಮ ದರದ ಪುಟಕ್ಕೂ ಬೀಳಬಹುದು.

40 ಪದದಿಂದ ಶುರು ಮಾಡಿ. ಅದರಲ್ಲಿ ಸ್ವಂತ ಪುಟ 12ರಿಂದ 15ಕ್ಕೆ ಸಾಕು. ಉಳಿದವು ಮುಖ್ಯ ಪಟ್ಟಿಯ ಪುಟದಲ್ಲೇ ಎರಡು ಮೂರು ಸಾಲಿನ ವಿವರಣೆಯೊಂದಿಗೆ ಇರಲಿ. ಯಾವುದಕ್ಕೆ ಸ್ವಂತ ಪುಟ ಎಂದು ತೀರ್ಮಾನಿಸಲು ಒಂದು ಅಳತೆ ಇದೆ. ಅರ್ಥ ಹೇಳಿದ ಮೇಲೂ ಜನ ಇನ್ನೂ ಮೂರು ಪ್ರಶ್ನೆ ಕೇಳುತ್ತಾರೆಯೇ? ‘ಕೊಳೆರೋಗ’ಕ್ಕೆ ಕೇಳುತ್ತಾರೆ: ಹೇಗೆ ಗುರುತಿಸುವುದು, ಯಾವಾಗ ಬರುತ್ತದೆ, ಏನು ಹೊಡೆಯುವುದು, ಮಳೆ ತಾಗದಂತೆ ಕೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿದರೆ ನಿಲ್ಲುತ್ತದೆಯೇ. ‘ಮೆಟ್ಟುಗತ್ತಿ’ಗೆ ಅಷ್ಟು ಕೇಳುವುದಿಲ್ಲ. ಅಡಿಕೆ ಸುಲಿಯಲು ಕಾಲಲ್ಲಿ ಒತ್ತಿಹಿಡಿದು ಕೂರುವ ಕತ್ತಿ ಎಂದು ಒಂದು ಚಿತ್ರದ ಜೊತೆ ಹೇಳಿದರೆ ಮುಗಿಯಿತು.

ಇನ್ನೊಂದು ಕಟ್ಟುನಿಟ್ಟು: ಒಂದು ವಸ್ತುವಿಗೆ ಒಂದೇ ಪುಟ. ಕೊಳೆರೋಗ, ಮಹಾಳಿ, ಕೊಳೆ ಇವು ಮೂರೂ ಒಂದೇ ರೋಗದ ಹೆಸರು. ಮೂರು ಪುಟ ಮಾಡಿದರೆ ಅವು ಒಂದಕ್ಕೊಂದು ಅಡ್ಡ ಬರುತ್ತವೆ. ಜನ ಹೆಚ್ಚು ಹುಡುಕುವ ಹೆಸರನ್ನು ತಲೆಬರಹ ಮಾಡಿ, ಉಳಿದವನ್ನು ಮೊದಲ ಪ್ಯಾರಾದಲ್ಲೇ ‘ಇದನ್ನು ಮಹಾಳಿ ಎಂದೂ ಕರೆಯುತ್ತಾರೆ’ ಎಂದು ಸಹಜವಾಗಿ ತನ್ನಿ. ಕೊನೆಯಲ್ಲಿ ‘ಕೀವರ್ಡ್‌ಗಳು’ ಎಂದು ಅಲ್ಪವಿರಾಮ ಹಾಕಿ ಪೇರಿಸಿದ ಸಾಲು ಯಾರಿಗೂ ಉಪಯೋಗವಿಲ್ಲ, ಗೂಗಲ್‌ಗೂ ಇಲ್ಲ.

ಇಂಗ್ಲಿಷ್ ಪುಟವನ್ನೂ ಮಾಡುವವರಿಗೆ ಒಂದು ಮಾತು. ಎಲ್ಲವನ್ನೂ ಅನುವಾದಿಸಲು ಹೋಗಬೇಡಿ. 1910ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲೇ ‘ಕೊಳೆರೋಗ’ ಎಂಬ ಕನ್ನಡ ಪದ ಇದೆ. ಇಂದಿಗೂ ಇಂಗ್ಲಿಷ್ ವೈಜ್ಞಾನಿಕ ಲೇಖನಗಳಲ್ಲಿ ಆ ಹೆಸರು ಹಾಗೆಯೇ ನಡೆಯುತ್ತಿದೆ. ನಮ್ಮ ಮಾತು ಅಷ್ಟು ದೂರ ಹೋಗಿರುವಾಗ ಅದನ್ನು ಬಿಟ್ಟು ಹಣ್ಣು ಕೊಳೆಯುವ ರೋಗ ಎಂಬಂಥ ಇಂಗ್ಲಿಷ್ ತಲೆಬರಹ ಕೊಡುವುದು ಕೈಯಾರೆ ಓದುಗರನ್ನು ಕಳೆದುಕೊಂಡಂತೆ.

ಕಾಗುಣಿತ, ಒತ್ತು, ಕಾಣದ ಅಕ್ಷರಗಳು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕನ್ನಡದ ಪದಕೋಶ ಹುಡುಕಾಟದಲ್ಲಿ ಕಾಣದೇ ಹೋಗುವುದಕ್ಕೆ ಅರ್ಧ ಕಾರಣ ಈ ಭಾಗದಲ್ಲಿದೆ.

ಅಡಿಕೆ ಎಂದು ಬರೆಯುವವರಿದ್ದಾರೆ, ಅಡಕೆ ಎಂದು ಬರೆಯುವವರಿದ್ದಾರೆ. ಅಡಿಕೆ ಬೇಯಿಸಿದ ಕಂದು ನೀರು ಚೊಗರು, ತೊಗರು; ಸಿಂಪಡಿಸುವ ಔಷಧಿ ಬೋರ್ಡೋ, ಬೋರ್ಡೊ; ಅದಕ್ಕೆ ಹಾಕುವ ಮೈಲುತುತ್ತ, ಮೈಲುತುತ್ತು. ಎರಡರಲ್ಲಿ ಒಂದನ್ನು ವೆಬ್‌ಸೈಟಿನ ರೂಪ ಎಂದು ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ. ಇನ್ನೊಂದನ್ನು ಆ ಪದದ ಪುಟದಲ್ಲಿ ಒಂದು ಸಲ ಹೇಳಿ. ಊರಿನ ಹೆಸರಿಗೂ ಇದೇ ಮಾತು. ಇಂಗ್ಲಿಷಿನಲ್ಲಿ ನಮ್ಮ ಶಿವಮೊಗ್ಗದ ಹೆಸರು Shimoga ಹೋಗಿ Shivamogga ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಇಂಗ್ಲಿಷ್ ಅಕ್ಷರದಲ್ಲಿ ದರ ಹುಡುಕುವವರಲ್ಲಿ ಹಳೆಯ ರೂಪ ಬರೆಯುವವರು ಇನ್ನೂ ಬೇಕಾದಷ್ಟಿದ್ದಾರೆ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪ ಒಮ್ಮೆಯಾದರೂ ಇರಲಿ.

ಈಗ ಕಣ್ಣಿಗೆ ಕಾಣದ ತೊಡಕು. ‘ಗೊರಬಲು’ ಪದದ ‘ಗೊ’ ನೋಡಿ. ಅದರ ಒತ್ವವನ್ನು ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳ ಜೋಡಿಯಾಗಿ. ಪರದೆಯ ಮೇಲೆ ಎರಡೂ ಒಂದೇ. ಹಾಗೆಯೇ ದೀರ್ಘದ ಕೊಂಬು ಬೇರೆಯಾಗಿ ಬಿದ್ದ ಈತ್ವ, ಏತ್ವಗಳೂ ಇರುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಇಂಥವು ನುಸುಳುತ್ತವೆ. ಗೂಗಲ್ ಇದನ್ನು ಬಹುಮಟ್ಟಿಗೆ ಸಂಭಾಳಿಸಿಕೊಳ್ಳುತ್ತದೆ. ನಿಮ್ಮ ವೆಬ್‌ಸೈಟಿನೊಳಗಿನ ಹುಡುಕು ಪೆಟ್ಟಿಗೆ ಸಂಭಾಳಿಸುವುದಿಲ್ಲ, ಪುಟ ಎದುರಿಗಿದ್ದರೂ ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಪರಿಹಾರ ಸುಲಭ. ಪಠ್ಯವನ್ನು ಡೇಟಾಬೇಸಿಗೆ ಸೇರಿಸುವ ಮುಂಚೆ ಎನ್ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತನ್ನಿ, ಓದುಗ ಹುಡುಕು ಪೆಟ್ಟಿಗೆಯಲ್ಲಿ ಬರೆದದ್ದನ್ನೂ ಅದೇ ರೂಪಕ್ಕೆ ತಂದು ಹೋಲಿಸಿ. ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಎಲ್ಲದರಲ್ಲೂ ಇದಕ್ಕೆ ಒಂದೇ ಸಾಲಿನ ಫಂಕ್ಷನ್ ಇದೆ.

ಇನ್ನೊಂದು, ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರ. ಶಿವಮೊಗ್ಗದ ಅಡಿಕೆ ಸಹಕಾರ ಸಂಘದ ಹೆಸರನ್ನು ‘ಮ್ಯಾಮ್ಕೋಸ್’ ಎಂದು ಒತ್ತು ಕೊಟ್ಟು ಬರೆಯುವುದೂ ಇದೆ, ‘ಮ್ಯಾಮ್‌ಕೋಸ್’ ಎಂದು ಬಿಡಿಸಿ ಬರೆಯುವುದೂ ಇದೆ. ಎರಡನೆಯದರಲ್ಲಿ ಮ್ ಮತ್ತು ಕೋ ನಡುವೆ ಒಂದು ಕಾಣದ ಸಂಕೇತ ಕೂತಿರುತ್ತದೆ. ಒಳಗಿನ ಹುಡುಕಾಟದಲ್ಲಿ ಹೋಲಿಸುವಾಗ ಆ ಸಂಕೇತವನ್ನು ಎರಡೂ ಕಡೆ ತೆಗೆದು ಹೋಲಿಸಿ. ಪರದೆಯ ಮೇಲೆ ತೋರಿಸುವ ಪಠ್ಯದಲ್ಲಿ ಮಾತ್ರ ಹಾಗೆಯೇ ಇರಲಿ, ತೆಗೆದರೆ ಅಕ್ಷರ ಕೆಟ್ಟು ಕಾಣುತ್ತದೆ.

ಹಳೆಯ ಫಾಂಟಿನಿಂದ ತಂದ ಪಠ್ಯದಲ್ಲಿ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿ. ಕಾರ್ಯ, ಮಾರ್ಗ, ವರ್ಗ ಇಂಥವು ಹೆಚ್ಚು ಕೆಡುತ್ತವೆ. ದರಪಟ್ಟಿಯ ಫೋಟೋ ಹಾಕಿ ಅದೇ ಪದಕೋಶ ಎನ್ನುವುದಂತೂ ಆಗದ ಮಾತು. ಚಿತ್ರದೊಳಗಿನ ಅಕ್ಷರವನ್ನು ನಂಬಿ ಹುಡುಕಾಟದಲ್ಲಿ ಮೇಲೆ ಬರಲಾಗುವುದಿಲ್ಲ.

ಪದದ ಪುಟ ಬರೆಯುವುದು

ಮೊದಲ ಎರಡು ವಾಕ್ಯದಲ್ಲೇ ಅರ್ಥ ಮುಗಿಯಬೇಕು. ಪೀಠಿಕೆ ಬೇಡ, ‘ಅಡಿಕೆ ಭಾರತದ ಪ್ರಮುಖ ವಾಣಿಜ್ಯ ಬೆಳೆ’ ಎಂಬ ವಾಕ್ಯವಂತೂ ಬೇಡ. ಹುಡುಕಾಟದ ಫಲಿತಾಂಶದಲ್ಲಿ ಗೂಗಲ್ ಎತ್ತಿ ತೋರಿಸುವ ತುಣುಕು ಸಾಮಾನ್ಯವಾಗಿ ಇಂಥ ನೇರ ವಾಕ್ಯಗಳೇ.

ಉದಾಹರಣೆಗೆ ‘ರಾಶಿ’ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ರಾಶಿ: ಅಡಿಕೆಯ ಒಂದು ವಿಧ.’ ಇದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಹೀಗಿರಲಿ: ‘ರಾಶಿ ಅಡಿಕೆ ಎಂದರೆ ಹಸಿರು ಕಾಯಿಯನ್ನು ಸುಲಿದು, ಇಡಿಯಾಗಿಯೇ ಬೇಯಿಸಿ, ಒಣಗಿಸಿದ ಕೆಂಪಡಿಕೆ. ದರಪಟ್ಟಿಯಲ್ಲಿ ರಾಶಿ ಇಡಿ ಎಂದೂ ಬರೆಯುತ್ತಾರೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ಗೊರಬಲುಗಳ ಜೊತೆ ಇದರ ದರ ಪ್ರಕಟವಾಗುತ್ತದೆ.’ ಆಮೇಲೆ ಬೆಟ್ಟೆಗೂ ರಾಶಿಗೂ ಇರುವ ವ್ಯತ್ಯಾಸ, ಗೊರಬಲು ಹೆಚ್ಚು ಬಲಿತ ಕಾಯಿಯಿಂದ ಆಗುವುದರಿಂದ ದರ ಏಕೆ ಕಡಿಮೆ, ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಒಣಗಿಸಿ ಸುಲಿಯುವ ಚಾಲಿಗೂ ಬೇಯಿಸಿದ ಕೆಂಪಡಿಕೆಗೂ ಏನು ಅಂತರ ಎಂಬುದು ಬರಲಿ. ದರವನ್ನು ಮಾತ್ರ ಈ ಪುಟದಲ್ಲಿ ಬರೆಯಬೇಡಿ. ನಾಳೆ ಅದು ಹಳತಾಗುತ್ತದೆ. ದಿನದ ದರದ ಪುಟಕ್ಕೆ ಲಿಂಕ್ ಕೊಡಿ.

ಪ್ರತಿಯೊಂದು ಸ್ವಂತ ಪುಟದಲ್ಲೂ ಬೇರೆ ಯಾರೂ ಕೊಡದ ಒಂದು ವಿವರ ಇರಬೇಕು: ಅಳತೆ, ಫೋಟೋ, ಪರೀಕ್ಷೆಯ ವಿಧಾನ, ಇಲ್ಲವೇ ಎಲ್ಲಿ ತಪ್ಪುತ್ತದೆ ಎಂಬ ಮಾತು. ‘ಬೋರ್ಡೋ ದ್ರಾವಣ’ದ ಪುಟ ಬರೆಯುತ್ತಿದ್ದರೆ ‘ತಾಮ್ರಯುಕ್ತ ಶಿಲೀಂಧ್ರನಾಶಕ’ ಎಂದು ನಿಲ್ಲಿಸಬೇಡಿ. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಆಗದು. ಉಜ್ಜಿ ಹೊಳಪು ತಂದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದಾಗಿದೆ, ಇನ್ನಷ್ಟು ಸೇರಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನದ ನಂತರ. ಇಷ್ಟು ಬರೆದ ಪುಟವನ್ನು ಜನ ಫೋನಿನಲ್ಲಿ ತೆರೆದಿಟ್ಟುಕೊಂಡೇ ಡ್ರಮ್ಮಿನ ಹತ್ತಿರ ನಿಲ್ಲುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪುಟಕ್ಕೆ ಬರುತ್ತಾರೆ.

ಔಷಧಿಯ ಪ್ರಮಾಣ ಇರುವ ಪುಟವನ್ನು ತಿಳಿದವರು ಓದಿ ಸರಿ ಎನ್ನದೆ ಹಾಕಬೇಡಿ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ ಶಿಫಾರಸಿನೊಂದಿಗೆ ಹೋಲಿಸಿ. ಒಂದು ಸೊನ್ನೆ ಹೆಚ್ಚು ಕಡಿಮೆಯಾದರೂ ನಷ್ಟ ಆಗುವುದು ತೋಟಕ್ಕೆ. ಅಡಿಕೆ ಜಗಿಯುವುದರ ಬಗ್ಗೆ ಬರೆಯುವಾಗಲೂ ಇದೇ ಎಚ್ಚರ ಬೇಕು. ಜೀರ್ಣಕ್ಕೆ ಒಳ್ಳೆಯದು ಎಂಬಂಥ ಮಾತು ಸೇರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಯುವ ನಾಡಿನಲ್ಲಿ ನಿಂತು ಇದನ್ನು ಬರೆಯುವುದು ಕಷ್ಟ, ಆದರೆ ಬರೆಯಬೇಕು.

ಪುಟದ ಹೆಸರು, ವಿಳಾಸ

ಪುಟದ ಟೈಟಲ್‌ನಲ್ಲಿ ಪದ ಮೊದಲು, ಸಂದರ್ಭ ಕೂಡಲೇ ಪಕ್ಕಕ್ಕೆ: ‘ರಾಶಿ ಅಡಿಕೆ ಎಂದರೇನು? ಬೆಟ್ಟೆ, ಸರಕಿಗೂ ಇದಕ್ಕೂ ವ್ಯತ್ಯಾಸ’. ‘ಅಡಿಕೆ’ ಎಂಬ ಒಂದು ಪದ ಇಲ್ಲದಿದ್ದರೆ ಜ್ಯೋತಿಷ್ಯದ ಪುಟಗಳ ಜೊತೆ ಪೈಪೋಟಿಗೆ ಬಿದ್ದಂತೆ. ‘ಕೊನೆ’ಗೆ ‘ಅಡಿಕೆ ಕೊನೆ’, ‘ಹಾಳೆ’ಗೆ ‘ಅಡಿಕೆ ಹಾಳೆ’, ‘ಸರಕು’ವಿಗೆ ‘ಸರಕು ಅಡಿಕೆ’. ಸಂಸ್ಥೆಯ ಹೆಸರು ಟೈಟಲ್‌ನ ತುದಿಗೆ ಹೋಗಲಿ. ಕನ್ನಡ ಅಕ್ಷರ ಅಗಲ, ಫೋನಿನ ಪರದೆಯಲ್ಲಿ ತುದಿ ಕತ್ತರಿಸಿ ಹೋಗುತ್ತದೆ. ಹೋದರೆ ಸಂಸ್ಥೆಯ ಹೆಸರು ಹೋಗಲಿ, ಪದ ಹೋಗಬಾರದು.

ಪುಟದ ವಿಳಾಸವನ್ನು ಕನ್ನಡದಲ್ಲೇ ಇಡಬಹುದೇ? ಇಡಬಹುದು, ಗೂಗಲ್‌ಗೆ ಅದು ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. ‘ಗೊರಬಲು’ ಪದದಲ್ಲಿ ಆರು ಸಂಕೇತಗಳಿವೆ. ಒಂದೊಂದೂ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸಹಿತ ಮೂರು ಅಕ್ಷರ. ಒಟ್ಟು 54 ಅಕ್ಷರ. ಇದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಸರಮಾಲೆ ಬಂದರೆ ಮೋಸದ ಲಿಂಕ್ ಎಂದು ಜನ ಹೆದರುತ್ತಾರೆ. ಮಲೆನಾಡಿನಲ್ಲಿ ಪುಟ ಹರಡುವುದೇ ವಾಟ್ಸ್‌ಆ್ಯಪ್ ಗುಂಪುಗಳಿಂದ. ಅದಕ್ಕಾಗಿ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ ಎಂಬುದೇ ನಮ್ಮ ಸಲಹೆ. ಒಂದೇ ಲಿಪ್ಯಂತರ ಕ್ರಮ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿ, ಎರಡು ಪದದ ನಡುವೆ ಅಡ್ಡಗೆರೆ ಹಾಕಿ. ಒಮ್ಮೆ ಪ್ರಕಟಿಸಿದ ವಿಳಾಸವನ್ನು ಬದಲಿಸಬೇಡಿ. ಎಚ್‌ಟಿಎಂಎಲ್‌ನಲ್ಲಿ ಪುಟದ ಭಾಷೆ ಕನ್ನಡ ಎಂದು ಗುರುತಿಸುವುದನ್ನು ಮರೆಯಬೇಡಿ. ಸಿದ್ಧ ಥೀಮುಗಳಲ್ಲಿ ಅದು ಇಂಗ್ಲಿಷ್ ಎಂದೇ ಉಳಿದುಬಿಡುತ್ತದೆ, ಕನ್ನಡ ಓದುವ ಫೋನಿನ ದನಿ ಕೂಡ ಆಗ ತಡವರಿಸುತ್ತದೆ. ಇಂಗ್ಲಿಷ್ ಪುಟ ಇದ್ದರೆ ಎರಡೂ ಪುಟಗಳು, ಇನ್ನೊಂದು ಭಾಷೆಯ ಪ್ರತಿ ಎಲ್ಲಿದೆ ಎಂದು ಹೇಳುವ ಹ್ರೆಫ್‌ಲ್ಯಾಂಗ್ ಮೂಲಕ ಪರಸ್ಪರ ತೋರಿಸಬೇಕು, ಒಂದೇ ಕಡೆಯಿಂದ ತೋರಿಸಿದರೆ ಲೆಕ್ಕಕ್ಕೆ ಬರುವುದಿಲ್ಲ.

ಮುಖ್ಯ ಪಟ್ಟಿ ಮತ್ತು ಅಕಾರಾದಿ

40, 50 ಪದಕ್ಕೆ ಒಂದೇ ಪಟ್ಟಿ ಪುಟ ಸಾಕು. ಅ, ಆ, ಇ ಎಂದು ಅಕ್ಷರಕ್ಕೊಂದು ಪುಟ ಮಾಡಿದರೆ ಒಂದೆರಡು ಪದ ಇರುವ ಬರಿಗೈ ಪುಟಗಳಾಗುತ್ತವೆ. ಒಂದೇ ಪುಟದಲ್ಲಿ ಮೇಲೆ ಅಕ್ಷರಗಳ ಸಾಲು ಇಟ್ಟು ಕೆಳಗೆ ಜಿಗಿಯುವ ಹಾಗೆ ಮಾಡಿ.

ಜೋಡಣೆಯಲ್ಲಿ ಒಂದು ಎಡವಟ್ಟು ಎಲ್ಲರಿಗೂ ಆಗುತ್ತದೆ. ಕಂಪ್ಯೂಟರು ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ‘ಳ’ ಅಕ್ಷರ ‘ಲ’ದ ಬೆನ್ನಿಗೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಹಾಗಾಗಿ ‘ಹಳದಿ ಎಲೆ ರೋಗ’ವು ‘ಹಸ’ ಎಂಬ ದರ್ಜೆಗಿಂತ ಮುಂಚೆ, ‘ಕಳೆ’ಯು ‘ಕವಳ’ಕ್ಕಿಂತ ಮುಂಚೆ ಬಂದು ಕೂರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಬರೀ ಸಾರ್ಟ್ ಮಾಡುವ ಬದಲು ಕನ್ನಡದ ಲೊಕೇಲ್ (ಭಾಷೆಯ ಕ್ರಮ ಹೇಳುವ ಆಯ್ಕೆ) ಕೊಟ್ಟು ಜೋಡಿಸಿ, ಈ ಎರಡು ಜೋಡಿ ಪದಗಳಿಂದಲೇ ಪರೀಕ್ಷಿಸಿ. ಸರಿಬಾರದಿದ್ದರೆ ಶೀಟಿನಲ್ಲಿ ಕ್ರಮಸಂಖ್ಯೆಯ ಕಾಲಂ ಹಾಕಿ ಕೈಯಲ್ಲೇ ಜೋಡಿಸಿ. 40 ಪದಕ್ಕೆ ಅರ್ಧ ಗಂಟೆ ಕೆಲಸ.

ಪದದ ಮೇಲೆ ಬೆರಳಿಟ್ಟರೆ ಪುಟ್ಟ ಚೌಕದಲ್ಲಿ ಅರ್ಥ ಮೂಡುವ ವ್ಯವಸ್ಥೆ ಚೆಂದ ಕಾಣುತ್ತದೆ, ಆದರೆ ಅದನ್ನೇ ನಂಬಬೇಡಿ. ಒತ್ತಿದ ಮೇಲಷ್ಟೇ ಸರ್ವರಿನಿಂದ ಬರುವ ಪಠ್ಯ ಗೂಗಲ್‌ಗೆ ಕಾಣುವುದಿಲ್ಲ, ಏಕೆಂದರೆ ಅದು ಒತ್ತುವುದಿಲ್ಲ. ಪುಟದ ಎಚ್‌ಟಿಎಂಎಲ್‌ನಲ್ಲೇ ಇದ್ದು ಮಡಚಿಟ್ಟಿದ್ದರೆ ತೊಂದರೆ ಇಲ್ಲ.

ಲಿಂಕ್ ಕೊಡುವಾಗ ವಿಭಕ್ತಿ ಕಾಡುತ್ತದೆ

ಪದಕೋಶಕ್ಕೆ ಬಲ ಬರುವುದು ಉಳಿದ ಪುಟಗಳಿಂದ ಬರುವ ಲಿಂಕಿನಿಂದ. ದರದ ಪುಟ, ಯಂತ್ರದ ಪುಟ, ಲೇಖನ ಎಲ್ಲಿ ಪದ ಮೊದಲ ಸಲ ಬರುತ್ತದೋ ಅಲ್ಲಿ ಒಂದು ಲಿಂಕ್. ಒಂದೇ ಪುಟದಲ್ಲಿ ಹತ್ತು ಕಡೆ ಬೇಡ.

ಇದನ್ನು ತಾನಾಗಿಯೇ ಮಾಡುವ ಪ್ಲಗಿನ್‌ಗಳಿವೆ. ಅವು ಇಂಗ್ಲಿಷಿಗೆ ಮಾಡಿದವು, ಕನ್ನಡಕ್ಕೆ ಎರಡು ರೀತಿ ಕೈಕೊಡುತ್ತವೆ. ‘ಚೊಗರು’ ಎಂದು ಕೊಟ್ಟರೆ ಚೊಗರನ್ನು, ಚೊಗರಿಗೆ, ಚೊಗರಿನಲ್ಲಿ ಒಂದೂ ಸಿಗುವುದಿಲ್ಲ, ನಮ್ಮ ಬರಹದಲ್ಲಿ ಬರುವುದೇ ಹೆಚ್ಚಾಗಿ ಆ ರೂಪಗಳು. ಇನ್ನೊಂದು ಕಡೆ ‘ಹಸ’ ಎಂದು ಕೊಟ್ಟರೆ ಹಸಿ, ಹಸು, ಹಸಿರು ಎಲ್ಲದರ ಮೊದಲ ಎರಡು ಅಕ್ಷರಕ್ಕೂ ಲಿಂಕ್ ಬೀಳಬಹುದು. ಗುಣಿತದ ಚಿಹ್ನೆ ಬೇರೆ ಸಂಕೇತವಾದ್ದರಿಂದ ಕಂಪ್ಯೂಟರಿಗೆ ‘ಹಸಿರು’ ಒಳಗೆ ‘ಹಸ’ ಪೂರ್ತಿಯಾಗಿ ಕಾಣುತ್ತದೆ. ಲಿಂಕಿನ ಗಡಿಯಲ್ಲಿ ಗುಣಿತ ಒಡೆದು ಚುಕ್ಕಿಯ ವೃತ್ತ ತೋರುವುದೂ ಇದೆ. ಆದ್ದರಿಂದ 15 ಪುಟದ ಪದಗಳಿಗೆ ಲಿಂಕನ್ನು ಕೈಯಲ್ಲೇ ಕೊಡಿ, ವಿಭಕ್ತಿ ಪ್ರತ್ಯಯದ ಸಮೇತ ಇಡೀ ಪದವನ್ನು ಲಿಂಕಿನೊಳಗೆ ಸೇರಿಸಿ.

ರಚನಾತ್ಮಕ ದತ್ತಾಂಶಕ್ಕೆ, ಅಂದರೆ ಪುಟದ ವಿಷಯವನ್ನು ಯಂತ್ರಕ್ಕೆ ತಿಳಿಸುವ ಗುರುತಿಗೆ, ಸ್ಕೀಮಾ ಡಾಟ್ ಆರ್ಗ್‌ನಲ್ಲಿ ‘ಡಿಫೈನ್ಡ್ ಟರ್ಮ್’ ಎಂಬ ನಮೂನೆ ಇದೆ. ಹಾಕಿದರೆ ಪುಟ ಏನೆಂಬುದು ಯಂತ್ರಕ್ಕೆ ಸ್ಪಷ್ಟವಾಗುತ್ತದೆ. ಆದರೆ ಫಲಿತಾಂಶದಲ್ಲಿ ಅದಕ್ಕೆಂದೇ ವಿಶೇಷ ಅಲಂಕಾರವೇನೂ ಬರುವುದಿಲ್ಲ. ಪ್ರಶ್ನೋತ್ತರದ ನಮೂನೆ ಹಾಕಿದರೆ ಫಲಿತಾಂಶ ಉದ್ದವಾಗಿ ಕಾಣುತ್ತದೆ ಎಂದು ಹೇಳುವವರ ಮಾತು ಹಳೆಯದು. 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಸರ್ಕಾರಿ ಮತ್ತು ಆರೋಗ್ಯ ಕ್ಷೇತ್ರದ ಪ್ರಮುಖ ತಾಣಗಳಿಗೆ ಸೀಮಿತಗೊಳಿಸಿತು.

ಯಾವಾಗ ಹಾಕುವುದು, ಆಮೇಲೆ ಏನು ನೋಡುವುದು

ತೋಟಕ್ಕೊಂದು ಪಂಚಾಂಗ ಇರುವ ಹಾಗೆ ಹುಡುಕಾಟಕ್ಕೂ ಇದೆ. ಕೊಳೆರೋಗ, ಬೋರ್ಡೋ, ಕೊಟ್ಟೆ ಕಟ್ಟುವುದು ಇವುಗಳ ಪುಟ ಏಪ್ರಿಲ್ ಒಳಗೆ ಇರಬೇಕು. ಜೂನ್‌ನಲ್ಲಿ ಹಾಕಿದರೆ ಗೂಗಲ್ ಅದನ್ನು ಗುರುತಿಸುವಷ್ಟರಲ್ಲಿ ಆ ವರ್ಷದ ಮಳೆ ಹೋಗಿರುತ್ತದೆ. ಕೊನೆಕೊಯ್ಲು, ಚೊಗರು, ಸುಲಿಯುವ ಯಂತ್ರ, ದರ್ಜೆಗಳ ಪುಟ ಆಗಸ್ಟ್ ಒಳಗೆ. ವಾರಕ್ಕೆ ಎರಡು ಪುಟದಂತೆ ಹಾಕಿದರೂ ಎರಡು ತಿಂಗಳಲ್ಲಿ ಮೊದಲ ಕಂತು ಮುಗಿಯುತ್ತದೆ. ಪ್ರತಿ ಪುಟವೂ ಸೈಟ್‌ಮ್ಯಾಪ್ ಎಂಬ ವಿಳಾಸಗಳ ಪಟ್ಟಿಯಲ್ಲಿ ಸೇರಿದೆಯೇ ನೋಡಿ, ಮುಖ್ಯವಾದವುಗಳಿಗೆ ಸರ್ಚ್ ಕನ್ಸೋಲ್‌ನಲ್ಲಿ ಇಂಡೆಕ್ಸ್ ಮಾಡಲು ಕೇಳಿಕೊಳ್ಳಿ.

ಮೂರು ತಿಂಗಳಾದ ಮೇಲೆ ಪದಕೋಶದ ಪುಟಗಳನ್ನಷ್ಟೇ ಬೇರೆ ಮಾಡಿ ನೋಡಿ. ಹೆಚ್ಚು ಸಲ ಕಂಡೂ ಯಾರೂ ಒತ್ತದ ಪುಟ ಇದ್ದರೆ ಮೊದಲು ಟೈಟಲ್ ನೋಡಿ, ಸಂದರ್ಭದ ಪದ ಬಿಟ್ಟುಹೋಗಿರುತ್ತದೆ, ಇಲ್ಲವೇ ‘ರಾಶಿ’ ಎಂದು ಭವಿಷ್ಯ ಹುಡುಕಿದವರಿಗೆ ಕಂಡಿರುತ್ತದೆ. ‘ಇಂದಿನ ರಾಶಿ ಅಡಿಕೆ ದರ’ ಎಂದು ಹುಡುಕಿದವರಿಗೆ ದರದ ಪುಟದ ಬದಲು ಪದಕೋಶದ ಪುಟ ಸಿಗುತ್ತಿದ್ದರೆ ಅದು ಕೆಡುಕು. ಅವರಿಗೆ ಬೇಕಾದದ್ದು ಅರ್ಥ ಅಲ್ಲ, ದರ. ಪದಕೋಶದ ಟೈಟಲ್‌ನಿಂದ ‘ದರ’ ಎಂಬ ಪದ ತೆಗೆದು, ಮೊದಲ ಪ್ಯಾರಾದಲ್ಲೇ ದರದ ಪುಟಕ್ಕೆ ಲಿಂಕ್ ಕೊಡಿ, ದರದ ಪುಟದ ಟೈಟಲ್‌ನಲ್ಲಿ ದರ್ಜೆಗಳ ಹೆಸರು ಸೇರಿಸಿ.

ಒಂದೇ ಪ್ರಶ್ನೆಗೆ ಎರಡು ಪುಟ ಸರದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರೆ ಚಿಕ್ಕದನ್ನು ದೊಡ್ಡದರೊಳಗೆ ಸೇರಿಸಿ, ಚಿಕ್ಕದರ ವಿಳಾಸವನ್ನು 301 ಎಂಬ ಶಾಶ್ವತ ತಿರುಗಿಸುವಿಕೆಯ ಮೂಲಕ ದೊಡ್ಡದಕ್ಕೆ ಕಳಿಸಿ. ಸುಮ್ಮನೆ ಅಳಿಸಿದರೆ ವಾಟ್ಸ್‌ಆ್ಯಪ್‌ನಲ್ಲಿ ಈಗಾಗಲೇ ಓಡಾಡುತ್ತಿರುವ ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ. ಪಟ್ಟಿಯಲ್ಲಿ ಒಂದು ಸಾಲಾಗಿ ಇಟ್ಟ ಪದಕ್ಕೆ ಹುಡುಕಾಟ ಹೆಚ್ಚುತ್ತಿದ್ದರೆ ಅದಕ್ಕೆ ಸ್ವಂತ ಪುಟ ಕೊಡುವ ಕಾಲ ಬಂತು ಎಂದು ತಿಳಿಯಿರಿ. ಎಲೆಚುಕ್ಕಿ ರೋಗ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಒಂದು ಸಾಲಿಗೆ ಸಾಕಾಗುತ್ತಿದ್ದ ಆ ಹೆಸರು ಮಲೆನಾಡಿನ ತೋಟಗಳಲ್ಲಿ ರೋಗ ಹರಡಿದ ಮೇಲೆ ಎಲ್ಲರ ಬಾಯಲ್ಲೂ ಇದೆ.

ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ, ಶೀಟನ್ನು ತೆರೆದು ಔಷಧಿಯ ಪ್ರಮಾಣ, ಮಾರುಕಟ್ಟೆಯ ನಿಯಮ, ಸತ್ತ ಲಿಂಕ್ ಇಷ್ಟನ್ನು ಪರಿಶೀಲಿಸಿ. ನಿಜವಾಗಿ ಏನಾದರೂ ತಿದ್ದಿದ್ದರೆ ಮಾತ್ರ ಪುಟದ ಮೇಲಿನ ‘ಪರಿಷ್ಕರಿಸಿದ ದಿನ’ ಬದಲಿಸಿ.